ಶಾರ್ಲೆಟ್‌ಳನ್ನು ನೋಡಿ ನಗಬೇಡಿ

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಆ್ಯಂಡ್ ಪ್ರಿಜುಡಿಸ್’ ಓದಿದವರು ಎಲಿಜಬೆತ್ ಮತ್ತು ಡಾರ್ಸಿಯ ಬಗ್ಗೆಯೇ ಮಾತನಾಡುತ್ತಾರೆ. ನನ್ನನ್ನು ಕಾಡಿದವಳು ಗೆಳತಿ ಶಾರ್ಲೆಟ್. ವಯಸ್ಸು 27, ಕೈಯಲ್ಲಿ ಹಣವಿಲ್ಲ. ಎಲಿಜಬೆತ್ ಬೇಡವೆಂದ ಕಾಲಿನ್ಸ್‌ನನ್ನೇ ಒಪ್ಪಿಕೊಳ್ಳುತ್ತಾಳೆ. ಓದಿದ ಗೆಳತಿಯರು ನಕ್ಕರು, ನನಗೆ ನಗು ಬರಲಿಲ್ಲ. ಬೆನೆಟ್ ಮನೆಯ ಐವರು ಹೆಣ್ಣುಮಕ್ಕಳಿದ್ದೂ ತಂದೆಯ ಆಸ್ತಿ ಕಾಲಿನ್ಸ್ ಪಾಲಾಗುವ ಕಾಲವದು. ನಮ್ಮಲ್ಲಿ ಮಗಳಿಗೆ ಪಾಲು ಉಂಟು, ಮದುಮಗಳಿಗೆ ಮಹ್ರ್ ಉಂಟು. ಆದರೂ ಮಾತುಕತೆಗೆ ಕುಳಿತರೆ ಪವನಿನ ಲೆಕ್ಕವೇ ಮೊದಲು ಬರುತ್ತದಲ್ಲ!

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳನ್ನು ಶಾರ್ಲೆಟ್ ಪಕ್ಕದಲ್ಲಿಟ್ಟು ನೋಡಿ. ರಶೀದ್ ಒಳ್ಳೆಯ ಗಂಡ. ಆದರೆ ತಂದೆ ಮಹಮ್ಮದ್ ಖಾನನ ಹಟಕ್ಕೆ ಆ ಸಂಸಾರ ಮುರಿಯುತ್ತದೆ. ಬೇಕೋ ಬೇಡವೋ ಎಂದು ನಾದಿರಾಳನ್ನು ಕೇಳುವವರಿಲ್ಲ. ಶಾರ್ಲೆಟ್ ತನ್ನ ಉತ್ತರವನ್ನಾದರೂ ತಾನೇ ಕೊಟ್ಟಳು.

ಪ್ರೀತಿಯಿಲ್ಲದ ಮದುವೆಯನ್ನು ನಾನು ಹೊಗಳುತ್ತಿಲ್ಲ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಪಿಯುಸಿ ಫಲಿತಾಂಶ ಬರುವ ಮೊದಲೇ ಸಂಬಂಧ ಹುಡುಕುವ ಮನೆಗಳಿವೆ. ಹಿರಿಯರು ಒಮ್ಮೆ ಮಗಳನ್ನು ಕೂರಿಸಿ ಕೇಳಲಿ. ಬೇಡವೆಂದರೆ ಡಿಗ್ರಿ ಮುಗಿಯುವವರೆಗಾದರೂ ಆ ಮಾತು ಎತ್ತದಿರಲಿ.