ಬೂದಿದಿಬ್ಬಗಳ ಒಳಗುಟ್ಟು
ಬಳ್ಳಾರಿ ಸೀಮೆಯ ಕುಡತಿನಿ ಮೊದಲಾದೆಡೆ ಕಾಣುವ ಬೂದಿದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ತಾಣಗಳೆಂದು ಬಹುಕಾಲ ನಂಬಿದ್ದರೆ, ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಲ್ಲಿ ಕೆಲವರು, ಬೂದಿಯೊಳಗೆ ಕರಗಿ ಗಾಜಿನಂತೆ ಗಟ್ಟಿಯಾದ ಕಿಟ್ಟವನ್ನು ಕಂಡು, ಜ್ವಾಲಾಮುಖಿಯನ್ನೋ ಲೋಹದ ಕುಲುಮೆಯನ್ನೋ ಊಹಿಸಿದ್ದರು. ಅದು ಸುಟ್ಟ ಸಗಣಿಯೆಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರೂ, ವಾದಕ್ಕೆ ಗಟ್ಟಿ ಆಧಾರ ದೊರೆತದ್ದು 1957ರಲ್ಲಿ, ಈಗಿನ ತೆಲಂಗಾಣದ ಉತ್ನೂರಿನಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನದಿಂದ: ಮರದ ಕಂಬಗಳನ್ನು ನೆಟ್ಟು ಕಟ್ಟಿದ ದೊಡ್ಡಿಯೊಂದು ಮತ್ತೆ ಮತ್ತೆ ಉರಿದು ಮತ್ತೆ ಮತ್ತೆ ಎದ್ದಿದ್ದ ಕುರುಹುಗಳ ನಡುವೆ, ದನಗಳ ಗೊರಸಿನ ಅಚ್ಚುಗಳು ಅಳಿಯದೆ ಉಳಿದಿದ್ದವು. ಹೀಗೆ ನವಶಿಲಾಯುಗದ, ಎಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಕಾಲದ, ದನಗಾಹಿಗಳ ಬದುಕು ಬೆಳಕಿಗೆ ಬಂತು; ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಅಗೆತವು, ದಿಬ್ಬದ ಪಕ್ಕದಲ್ಲೇ ವಸತಿಯನ್ನೂ ದನಗಳನ್ನು ಕಡಿದು ಮಾಂಸ ಬಿಡಿಸುತ್ತಿದ್ದ ನೆಲವನ್ನೂ ತೋರಿಸಿ, ಇವು ಬರಿಯ ದೊಡ್ಡಿಗಳೆಂಬ ಎಣಿಕೆಯನ್ನು ತಿದ್ದಿತು. ಗೊಬ್ಬರವಾಗಬೇಕಿದ್ದ ಸಗಣಿಯನ್ನು (ರೈತನ ಕಣ್ಣಿಗೆ ಇದು ಶುದ್ಧ ದುಂದು) ಸುಟ್ಟದ್ದೇಕೆ ಎಂಬುದು ಮಾತ್ರ ಇನ್ನೂ ಚರ್ಚೆಯಲ್ಲಿದ್ದು, ಆಲ್ಚಿನ್ ಅದನ್ನು ಋತುಕಾಲದ ಬೆಂಕಿಹಬ್ಬಗಳೊಡನೆ ಜೋಡಿಸಿದರು. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವ ನಾಡಿಗೆ ಈ ವಿವರಣೆ ಹಿತವೆನಿಸಿದರೂ, ನಡುವಿನ ಸಾವಿರಾರು ವರ್ಷಗಳನ್ನು ದಾಟಿಸುವ ನೇರ ಪುರಾವೆ ಅದಕ್ಕಿಲ್ಲ.