ಹೈಕೋರ್ಟಿನ ಪೀಠ ಯಾರ ಸೊತ್ತು?

ಆಯನೂರು ಹೋಬಳಿಯ ರೈತನೊಬ್ಬನಿಗೆ ಜಮೀನಿನ ವ್ಯಾಜ್ಯವೊದಗಿದರೆ ಆತನು ಮೊದಲು ಶಿವಮೊಗ್ಗೆಯ ನ್ಯಾಯಾಲಯದ ಮೆಟ್ಟಿಲೇರುವನು. ಅಲ್ಲಿಯ ಸಿವಿಲ್ ನ್ಯಾಯಾಧೀಶರು ಬಹಿರಂಗ ಪರೀಕ್ಷೆಯಿಂದ ಆರಿಸಿ ಬಂದವರು. ಯಾವ ವರ್ಗಕ್ಕೆ ಎಷ್ಟು ಸ್ಥಾನವೆಂಬುದು ಮೊದಲೇ ಪ್ರಕಟವಾಗಿರುತ್ತದೆ. ಕನ್ನಡ ಭಾಷಾಂತರದಲ್ಲಿಯೂ ಅವರ ಪರೀಕ್ಷೆಯಾಗಿರುತ್ತದೆ. ಅದೇ ವ್ಯಾಜ್ಯವು ಅಪೀಲಿನ ದಾರಿ ಹಿಡಿದು ಬೆಂಗಳೂರಿನ ಹೈಕೋರ್ಟನ್ನು ಮುಟ್ಟಿದೊಡನೆ ಪರೀಕ್ಷೆಯೂ ಇಲ್ಲ, ಪ್ರಕಟಣೆಯೂ ಇಲ್ಲ, ಮೀಸಲಂತೂ ಮೊದಲೇ ಇಲ್ಲ. ಕೆಳಗಿನ ಪೀಠಕ್ಕೆ ಬೇಕಾದ ನಿಯಮವು ಮೇಲಿನ ಪೀಠಕ್ಕೆ ಬೇಡವಾದುದೇಕೆ?

ಸುಪ್ರೀಂ ಕೋರ್ಟಿನ 1993 ರ ತೀರ್ಪಿನಿಂದೀಚೆಗೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೂ ಇಬ್ಬರು ಹಿರಿಯ ನ್ಯಾಯಮೂರ್ತಿಗಳೂ ಕೂಡಿ ಹೆಸರುಗಳನ್ನು ಸೂಚಿಸುವರು. ದಿಲ್ಲಿಯ ಕೊಲಿಜಿಯಂ ಅವನ್ನು ಪರಿಶೀಲಿಸುವುದು. ಈ ಪದ್ಧತಿಯನ್ನು ಬದಲಿಸಲು ಪಾರ್ಲಿಮೆಂಟು ಮಾಡಿದ ಕಾನೂನು 2015 ರಲ್ಲಿ ರದ್ದಾಯಿತು. ಆಯ್ಕೆಯನ್ನು ಮಂತ್ರಿಗಳ ಕೈಗೆ ಒಪ್ಪಿಸಿರೆಂದು ನಾವು ಹೇಳುವವರಲ್ಲ. ಆದರೆ ಸರಕಾರದ ಹಂಗಿಲ್ಲದಿರುವುದು ಬೇರೆ, ಜನತೆಗೆ ಲೆಕ್ಕವೊಪ್ಪಿಸದಿರುವುದು ಬೇರೆ. ಲೆಕ್ಕವನ್ನು ಕೇಳಿದರೆ ದೊರೆಯುವುದೇನು? 2018 ರಿಂದ 2025 ರ ಆದಿಭಾಗದವರೆಗೆ ದೇಶದ ಹೈಕೋರ್ಟುಗಳಿಗೆ ನೇಮಕವಾದವರು 715 ಮಂದಿ. ಅವರಲ್ಲಿ ಪರಿಶಿಷ್ಟ ಜಾತಿಯವರು 22, ಪರಿಶಿಷ್ಟ ಪಂಗಡದವರು 16, ಹಿಂದುಳಿದ ವರ್ಗದವರು 89, ಅಲ್ಪಸಂಖ್ಯಾತರು 37. ಇದು ಪಾರ್ಲಿಮೆಂಟಿನಲ್ಲಿ ಸರಕಾರವೇ ಕೊಟ್ಟ ಲೆಕ್ಕ.

ನಮ್ಮ ನಾಡಿನ ಮಾತನ್ನೇ ನೋಡೋಣ. 1956 ರ ನವೆಂಬರ್ 1 ರಂದು ಕನ್ನಡಿಗರನ್ನು ಬೇರ್ಪಡಿಸಿದ್ದ ಗೋಡೆಗಳು ಬಿದ್ದವು. ಆದರೂ ಧಾರವಾಡ, ಕಲಬುರ್ಗಿಗಳಿಗೆ ಹೈಕೋರ್ಟಿನ ಪೀಠ ತಲುಪಲು 2008 ನೆಯ ಇಸವಿ ಬರಬೇಕಾಯಿತು. ಮೊದಲ ಮಹಿಳಾ ನ್ಯಾಯಮೂರ್ತಿಯನ್ನು ಕಾಣಲು 2000 ದವರೆಗೆ, ಅಂದರೆ ಏಕೀಕರಣದ ತರುವಾಯ 43 ವರುಷಗಳಿಗೂ ಮಿಕ್ಕಿ, ಕಾಯಬೇಕಾಯಿತು. ಹಾಗೆ ಬಂದ ಮಂಜುಳಾ ಚೆಲ್ಲೂರರು ಬೆಂಗಳೂರಿನ ದೊಡ್ಡ ವಕೀಲರ ಕಚೇರಿಯ ಕೂಸಲ್ಲ. ಬಳ್ಳಾರಿಯಲ್ಲಿ ವಕೀಲಿ ನಡೆಯಿಸಿ, ಜಿಲ್ಲಾ ನ್ಯಾಯಾಧೀಶರಾಗಿದ್ದವರು. ಮುಂದೆ ಅವರೇ ಕೇರಳ, ಕಲ್ಕತ್ತಾ, ಮುಂಬಯಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾದರು. ಹಿತ್ತಲ ಗಿಡ ಮದ್ದಲ್ಲವೆನ್ನುವವರು ಇದಕ್ಕೇನೆನ್ನುವರೋ!

‘ಯೋಗ್ಯತೆ ಕೆಟ್ಟೀತು’ ಎಂಬ ಕೂಗು ಹೊಸದಲ್ಲ. 1918 ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರಕಾರಿ ನೌಕರಿಗಳಲ್ಲಿ ಹಿಂದುಳಿದ ಕೋಮುಗಳ ಪ್ರಾತಿನಿಧ್ಯವನ್ನು ವಿಚಾರಿಸಲು ಸಮಿತಿಯನ್ನು ನೇಮಿಸಿದಾಗಲೂ ಈ ಕೂಗೆದ್ದಿತ್ತು. ನಾವು ಗೌರವಿಸುವ ದಿವಾನ್ ವಿಶ್ವೇಶ್ವರಯ್ಯನವರೇ ದಕ್ಷತೆಯ ಹೆಸರಿನಲ್ಲಿ ಆ ನೀತಿಯನ್ನು ಒಪ್ಪಲಿಲ್ಲ. ಆ ಸಮಿತಿಯ ಅಧ್ಯಕ್ಷರಾದರೋ ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್! ಏಳು ವರುಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದ ಕೋಮುಗಳಿಗೆ ಸಲ್ಲಬೇಕೆಂದು ಅವರ ಸಮಿತಿ ಸಲಹೆಯಿತ್ತಿತು. ಮೈಸೂರೇನೂ ಮುಳುಗಲಿಲ್ಲ. ನೂರು ವರುಷಗಳ ಹಿಂದೆ ನ್ಯಾಯಾಧೀಶರೊಬ್ಬರು ಇತರ ಇಲಾಖೆಗಳಿಗೆ ಹೇಳಿದ ಮಾತು ನ್ಯಾಯಪೀಠಕ್ಕೆ ಇಂದಿಗೂ ಕೇಳಿಸದಿರುವುದು ಸೋಜಿಗವೇ ಸರಿ.

ಯೋಗ್ಯತೆಯೆಂದರೇನು? ಬಗರ್‌ಹುಕುಂ ಸಾಗುವಳಿಯ ಕಷ್ಟ, ಸೊಪ್ಪಿನಬೆಟ್ಟದ ವಹಿವಾಟು, ಶರಾವತಿಯಲ್ಲಿ ಮನೆಮಠ ಮುಳುಗಿ ಕಾಡಂಚಿಗೆ ಬಂದು ನೆಲೆಸಿದವರ ಹಕ್ಕುಪತ್ರದ ಹಂಬಲ, ಇವುಗಳನ್ನು ಬಲ್ಲವರು ನ್ಯಾಯಪೀಠದಲ್ಲಿರುವುದು ಯೋಗ್ಯತೆಗೆ ಕುಂದೋ, ಅಥವಾ ಯೋಗ್ಯತೆಯೇ ಅದೋ? ಕಾಗದಪತ್ರವನ್ನು ಓದಿ ತಿಳಿಯಬಹುದಾದುದಕ್ಕೆ ಮಿತಿಯುಂಟು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿಸಲ ಹೆಸರು ಸೂಚಿಸುವಾಗಲೂ ಯಾವ ಜಿಲ್ಲೆಯ, ಯಾವ ವರ್ಗದ ಎಷ್ಟು ವಕೀಲರನ್ನು, ಎಷ್ಟು ಮಹಿಳೆಯರನ್ನು ಪರಿಶೀಲಿಸಲಾಯಿತೆಂಬ ಪಟ್ಟಿ ಪ್ರಕಟವಾಗಲಿ. ರಾಯಚೂರು, ಚಾಮರಾಜನಗರ, ಶಿವಮೊಗ್ಗೆಗಳ ವಕೀಲರೂ ಬೆಂಗಳೂರಿನವರೊಡನೆ ಎಣಿಕೆಗೆ ಬರಲಿ. ಶಿವಮೊಗ್ಗೆಯ ವಕೀಲರು ಈ ವಿಷಯದಲ್ಲಿ ಠರಾವು ಮಾಡಿ ಮುಖ್ಯ ನ್ಯಾಯಮೂರ್ತಿಗಳಿಗೆ ಕಳುಹಿಸುವುದಾದರೆ ಅದನ್ನು ಈ ಪತ್ರಿಕೆಯ ಮೊದಲ ಪುಟದಲ್ಲಿಯೇ ಅಚ್ಚು ಮಾಡುವೆವು.