ಕಡೆಯ ಸಾಲಿಗೂ ಮುಟ್ಟುವ ಮಾತು

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಗೆ ಮೊದಮೊದಲು ಮೈಕಿನ ಆಸರೆ ಇರಲಿಲ್ಲ. ಟೆಂಟಿನ ಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟಬೇಕಾಗಿತ್ತು. ಅಕ್ಷರ ನುಂಗಿದ ನಟನಿಗೆ ಅಲ್ಲಿ ಬಾಳುವೆಯಿಲ್ಲ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿ ತಯಾರಾದಾಗ ಅದರಲ್ಲಿ ಮಾತಾಡಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ರಂಗಭೂಮಿಯವರೇ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರರ ನಾಲಗೆಯ ಸ್ಪಷ್ಟತೆಯನ್ನು 1954ರ ‘ಬೇಡರ ಕಣ್ಣಪ್ಪ’ದ ಪ್ರೇಕ್ಷಕರಿಗೆ ಬಣ್ಣಿಸಬೇಕಾದುದೇನೂ ಇರಲಿಲ್ಲ.

ಈಗ ಅದೇ ಜಿಲ್ಲೆಯ ತರುಣರು ರಜೆ ಬಂತೆಂದರೆ ಕಿರುಚಿತ್ರಕ್ಕೆ ಹೊರಡುತ್ತಾರೆ. ಚಿತ್ರವೇನೋ ಕಣ್ಣಿಗೆ ಹಬ್ಬ. ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ! ಪಾಪ, ತಪ್ಪು ನಟರದಲ್ಲ. ಕ್ಯಾಮೆರಾ ನಿಂತಲ್ಲೇ ಮೈಕೂ ನಿಂತಿರುತ್ತದೆ. ಬಾಯಿಗೂ ಮೈಕಿಗೂ ನಡುವಿನ ದೂರ ಇಮ್ಮಡಿಸಿದರೆ ಅದನ್ನು ಮುಟ್ಟುವ ದನಿಯ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಕೋಣೆಯ ಗದ್ದಲವಾದರೋ ಇದ್ದಷ್ಟೇ ಇರುತ್ತದೆ. ಆದುದರಿಂದ ಉದ್ದನೆಯ ಕೋಲಿನ ತುದಿಗೆ ಮೈಕು ಕಟ್ಟಿ, ಚೌಕಟ್ಟಿನೊಳಗೆ ಕಾಣಿಸದಂತೆ ನಟರ ತಲೆಯ ಮೇಲಿನಿಂದ ಬಾಯಿಯತ್ತ ಬಾಗಿಸಿ ಹಿಡಿಯುವವನೊಬ್ಬ ಬೇಕು. ತೋಳು ಸೋತೀತು, ಹೆಸರೂ ಬಾರದು; ಆದರೂ ಅವನಿಲ್ಲದೆ ಚಿತ್ರವಿಲ್ಲ. ಉಡುಪಿಗೆ ಸಿಕ್ಕಿಸುವ ಪುಟ್ಟ ಮೈಕು ಸುಲಭವೇ ಸರಿ, ಆದರೆ ರೇಷ್ಮೆ ಸೀರೆಯ ಸರಸರವನ್ನೂ ಬಳೆಯ ಸದ್ದನ್ನೂ ಅದು ಬಿಡದೆ ಹಿಡಿಯುತ್ತದೆ.

ಬರಿಗೋಡೆಯ, ನುಣುಪು ನೆಲದ ಕೋಣೆಯಲ್ಲಿ ಮಾತು ಮಾರ್ದನಿಗೊಂಡು ಕಲಸಿಹೋಗುತ್ತದೆ. ಕ್ಯಾಮೆರಾಕ್ಕೆ ಕಾಣದ ಕಡೆ ನಾಲ್ಕು ಕಂಬಳಿ ತೂಗಿಬಿಟ್ಟರೆ ಎಷ್ಟೋ ತಿಳಿಯಾದೀತು. ಫ್ಯಾನು, ಫ್ರಿಜ್ಜು ಎರಡನ್ನೂ ನಿಲ್ಲಿಸಬೇಕು. ಫ್ರಿಜ್ಜನ್ನು ಮತ್ತೆ ಹಾಕಲು ಮರೆತು ಮನೆಯವರ ಹಾಲು ಕೆಡಿಸದಂತೆ ಗಾಡಿಯ ಕೀಲಿಯನ್ನು ಅದರೊಳಗೇ ಇಡುವುದು ಧ್ವನಿಗ್ರಹಣದವರ ಹಳೆಯ ಉಪಾಯ. ಕೀಲಿ ಹುಡುಕುವಾಗ ನೆನಪಾಗಲೇಬೇಕಷ್ಟೆ! ಕೊನೆಗೆ ಎಲ್ಲರೂ ಮೌನವಾಗಿ ನಿಂತು ಆ ಕೋಣೆಯ ಬರಿಯ ನಿಶ್ಶಬ್ದವನ್ನೇ ಅರ್ಧ ನಿಮಿಷ ಹಿಡಿದಿಟ್ಟುಕೊಂಡರೆ ಮುಂದೆ ಸಂಕಲನದಲ್ಲಿ ತೇಪೆ ಹಾಕಲು ಒದಗುತ್ತದೆ.

ಹೊರಾಂಗಣದ ಪಾಡು ಬೇರೆ. ಕುಣಿಗಲ್ ಕೆರೆಯ ಏರಿಯ ಮೇಲೆ ಗಾಳಿ ಬೀಸಿದರೆ ರೋಮದ ಕವಚವಿಲ್ಲದ ಮೈಕಿಗೆ ಗುಡುಗಿನದೇ ಅನುಭವ. ಗುಬ್ಬಿಯ ನಿಲ್ದಾಣದ ಬಳಿ ಚಿತ್ರೀಕರಿಸುವವರು ರೈಲುಗಳ ವೇಳಾಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡಿರಬೇಕು. ತುಮಕೂರಿನ ಹೆದ್ದಾರಿಯ ಮಗ್ಗುಲಲ್ಲಿ ಪ್ರೇಮಸಲ್ಲಾಪದ ದೃಶ್ಯವನ್ನು ಇಟ್ಟುಕೊಳ್ಳದಿರುವುದೇ ಲೇಸು.

“ಆಮೇಲೆ ಡಬ್ಬಿಂಗ್ ಮಾಡಿಕೊಂಡರಾಯಿತು” ಎಂಬ ಸಮಾಧಾನ ಎಲ್ಲೆಡೆ ಕೇಳಿಬರುತ್ತದೆ. ಅಭ್ಯಾಸವಿರುವ ನಟರಿಗೆ ಅದು ಸಾಧ್ಯ. ಆದರೆ ಕಿರುಚಿತ್ರದ ಅಜ್ಜಿ ಹಲವು ಬಾರಿ ನೆರೆಮನೆಯ ನಿಜವಾದ ಅಜ್ಜಿಯೇ. ಜಗುಲಿಯ ಮೇಲೆ ಕುಳಿತು ಮೊಮ್ಮಗನನ್ನು ಗದರಿಸುವಾಗ ತಾನಾಗಿ ಬಂದ ಆಕೆಯ ತುಮಕೂರು ಸೀಮೆಯ ಮಾತು, ನಡುವೆ ಸಿಕ್ಕಿಕೊಂಡ ಉಸಿರು, ಮಾತು ಮುಗಿದ ಮೇಲಿನ ಸಣ್ಣ ನಗೆ ಇವು ತಿಂಗಳ ಮೇಲೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ತೆರೆಯ ಮೇಲಿನ ತುಟಿ ನೋಡಿಕೊಂಡು ಹೇಳೆಂದರೆ ಬರುವಂಥವಲ್ಲ. ಪಟ್ಟಣದ ಹುಡುಗಿಯೊಬ್ಬಳು ಮುದಿದನಿ ಮಾಡಿ ಅದನ್ನು ತುಂಬಿಕೊಟ್ಟಾಳು. ಪರದೆಯ ಮುಂದೆ ಕುಳಿತ ಅಜ್ಜಿ ಆಗ ಪಕ್ಕದವರನ್ನು ಕೇಳುವುದು ಒಂದೇ ಮಾತು: “ಇದ್ಯಾರವ್ವ ಮಾತಾಡ್ತಿರೋದು?”